ಫ್ರೈಡೇ ಸ್ಲೇಟಿನ ಮೇಲೆ ಬರೆದದ್ದು

1948ರಲ್ಲಿ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಕರಡು ವಿಶ್ವಸಂಸ್ಥೆಯ ಸಮಿತಿಯ ಮುಂದೆ ಚರ್ಚೆಗೆ ಬಂದಾಗ, ರಾಜತಾಂತ್ರಿಕರು ಕಾದಂಬರಿಯೊಂದರ ಪಾತ್ರವನ್ನು ಹಿಡಿದು ವಾದಕ್ಕಿಳಿದರು. ಸಮಾಜದೊಳಗೆ ಮಾತ್ರ ಮನುಷ್ಯನ ವ್ಯಕ್ತಿತ್ವ ಪೂರ್ಣವಾಗಿ ಅರಳಬಲ್ಲದು ಎಂಬ ಮಾತಿಗೆ ಬೆಲ್ಜಿಯಂ ಪ್ರತಿನಿಧಿಯ ಆಕ್ಷೇಪವಿತ್ತು. ದ್ವೀಪದಲ್ಲಿ ಒಂಟಿಯಾಗಿದ್ದ ರಾಬಿನ್ಸನ್ ಕ್ರೂಸೋನನ್ನು ಅವರು ಉದಾಹರಿಸಿದರು. ಸೋವಿಯತ್ ಪ್ರತಿನಿಧಿ ಬಿಡಲಿಲ್ಲ. ಒಡೆದ ಹಡಗಿನಲ್ಲಿ ಸಿಕ್ಕ ಸಲಕರಣೆ, ಪುಸ್ತಕಗಳನ್ನು ಅವನಿಗೆ ಕೊಟ್ಟದ್ದು ಸಮಾಜವೇ ಎಂದರು.

ಈ ಪ್ರಸಂಗದ ಮಹತ್ವವನ್ನು ಎತ್ತಿ ತೋರಿಸಿದವರು ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜೋಸೆಫ್ ಸ್ಲಾಟರ್. ಆಫ್ರಿಕಾದ ಕಾದಂಬರಿಗಳನ್ನೂ ಮಾನವೀಯ ನೆರವಿನ ಹಿಂದಿರುವ ಚಿಂತನೆಯನ್ನೂ ಒಟ್ಟಿಗೆ ಓದುವ ವಿದ್ವಾಂಸರು ಅವರು. ಹುಡುಗನೊಬ್ಬ ಬೆಳೆದು ಸಮಾಜದಲ್ಲಿ ತನ್ನ ಜಾಗ ಕಂಡುಕೊಳ್ಳುವ ಯುರೋಪಿನ ಕಾದಂಬರಿ ಮಾದರಿಯೂ ಹಕ್ಕುಗಳ ಕಾನೂನೂ ಮನುಷ್ಯನನ್ನು ಒಂದೇ ಬಗೆಯಲ್ಲಿ ಕಲ್ಪಿಸಿಕೊಂಡಿವೆ ಎಂಬುದು ಅವರ 2007ರ 'ಹ್ಯೂಮನ್ ರೈಟ್ಸ್, ಇಂಕ್.' ಪುಸ್ತಕದ ವಾದ.

ಆದರೆ ಆ ಚರ್ಚೆ ಓದಿದಾಗ ನನ್ನನ್ನು ಕಾಡುವವನು ಕ್ರೂಸೋನ ಸೇವಕ ಫ್ರೈಡೇ. ಕ್ರೂಸೋನ ಕಥೆಯನ್ನೇ ಮತ್ತೆ ಹೇಳುವ, ದಕ್ಷಿಣ ಆಫ್ರಿಕಾದ ಜೆ. ಎಂ. ಕುಟ್ಸೀ ಅವರ 1986ರ 'ಫೋ' ಕಾದಂಬರಿಯಲ್ಲಿ ಅವನಿಗೆ ನಾಲಿಗೆಯೇ ಇಲ್ಲ. ಅವನ ಕಥೆಯನ್ನು ಲೋಕಕ್ಕೆ ಹೇಳಬೇಕೆಂದು ಸೂಸನ್ ಬಾರ್ಟನ್ ಎಂಬ ಹೆಂಗಸು ಹಠ ಹಿಡಿದಿದ್ದಾಳೆ. ಅಕ್ಷರ ಕಲಿಸಲು ಸ್ಲೇಟು ಕೊಡುತ್ತಾಳೆ. ಅವನು ಪಾದಗಳ ಮೇಲೆ ನಿಂತ ಕಣ್ಣುಗಳನ್ನು ಸಾಲಾಗಿ ಬರೆಯುತ್ತಾನೆ. ತೋರಿಸು ಎಂದು ಕೈ ಚಾಚಿದರೆ ಬೆರಳಿಗೆ ಎಂಜಲು ಹಚ್ಚಿ ಎಲ್ಲ ಅಳಿಸಿಬಿಡುತ್ತಾನೆ! ದನಿಯಿಲ್ಲದವರಿಗೆ ದನಿಯಾಗಲು ಹೊರಟವರೆಲ್ಲ ಈ ಪುಟವನ್ನು ಓದಲೇಬೇಕು. ಸೂಸನ್‌ಳ ಕರುಣೆ ಸುಳ್ಳಲ್ಲ. ಆದರೂ ಆ ಕಥೆಯಿಂದ ಅವಳಿಗೂ ಆಗಬೇಕಾದದ್ದಿದೆ, ಅದು ಫ್ರೈಡೇಗೆ ಗೊತ್ತು.

ಇಂಥ ಕರುಣೆ ಕಾದಂಬರಿಯ ಹೊರಗೂ ಇದೆ. ನೈಜೀರಿಯಾದ ಬಿಯಾಫ್ರಾ ಯುದ್ಧದಲ್ಲಿ (1967–70) ಹೊಟ್ಟೆಯುಬ್ಬಿದ ಹಸಿದ ಮಕ್ಕಳ ಚಿತ್ರಗಳು ಜಗತ್ತಿನ ಪತ್ರಿಕೆಗಳನ್ನು ತುಂಬಿದವು. ಅಲ್ಲಿ ದುಡಿದ ಫ್ರೆಂಚ್ ವೈದ್ಯರೇ ಮುಂದೆ, 1971ರಲ್ಲಿ, ಗಡಿಗಳಿಲ್ಲದ ವೈದ್ಯರ ಸಂಸ್ಥೆ ಕಟ್ಟಿದವರಲ್ಲಿ ಸೇರಿದ್ದರು. ಅವರು ಜೀವ ಉಳಿಸಿದರು, ಅದು ಸಣ್ಣ ಮಾತಲ್ಲ. ಆದರೆ ಚಿತ್ರದ ಮಗುವಿಗೆ ಹೆಸರಿರಲಿಲ್ಲ.

ಅದೇ ಯುದ್ಧದ ಕುರಿತ ಚಿಮಮಾಂಡ ಎನ್‌ಗೊಜಿ ಅಡೀಚಿಯವರ 2006ರ 'ಹಾಫ್ ಆಫ್ ಎ ಯೆಲ್ಲೋ ಸನ್'ನಲ್ಲಿ ಪುಸ್ತಕ ಬರೆಯಲು ಹೊರಡುವವನು ಇಂಗ್ಲಿಷಿನವನಾದ ರಿಚರ್ಡ್. ಕೊನೆಗೆ, ಈ ಕಥೆ ತಾನು ಹೇಳುವಂಥದ್ದಲ್ಲ ಎಂದು ಒಪ್ಪುತ್ತಾನೆ. ಬರೆಯುವವನು ಪ್ರೊಫೆಸರೊಬ್ಬರ ಮನೆಯ ಕೆಲಸದ ಹುಡುಗ ಉಗ್ವು. ಅವನು ನಿಷ್ಕಳಂಕನೂ ಅಲ್ಲ. ಬಲವಂತವಾಗಿ ಸೇನೆಗೆ ಸೇರಿಸಲ್ಪಟ್ಟವನು, ಸಂಗಾತಿಗಳ ಜೊತೆ ಸೇರಿ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರ ಎಸಗಿದವನು. ನೆರವಿನ ಮನವಿಪತ್ರದಲ್ಲಿ ಇಂಥವನಿಗೆ ಜಾಗವಿಲ್ಲ. ಅಡೀಚಿ ಲೇಖನಿ ಕೊಟ್ಟದ್ದು ಅವನ ಕೈಗೆ.