ಹನಿಗೂಡಿದರೆ ಹಳ್ಳ

‘ಹನಿಗೂಡಿದರೆ ಹಳ್ಳ’ ಎಂಬ ನಮ್ಮ ಗಾದೆಗೆ ನಾನು ಕಂಡ ಚೆಲುವಾದ ದೃಷ್ಟಾಂತ ಬೆಲ್ಜಿಯಮ್ ದೇಶದ್ದು. ಆಂಟ್‌ವರ್ಪಿನ ವಿದ್ಯಾರ್ಥಿ ಡ್ರೀಸ್ ಬೈಟಾರ್ಟ್ ಗೆಳೆಯರೊಡನೆ ಸುದ್ದಿ ಹಂಚಿಕೊಳ್ಳಲು ರಚಿಸಿದ ತಂತ್ರಾಂಶವನ್ನು 2001ರಲ್ಲಿ ಲೋಕಕ್ಕೇ ಬಿಟ್ಟುಕೊಟ್ಟರು. ಜಾಲತಾಣಗಳನ್ನು ಕಟ್ಟುವ ಆ ತಂತ್ರಾಂಶದ ಹೆಸರು ‘ಡ್ರೂಪಲ್’. ಡಚ್ ನುಡಿಯಲ್ಲಿ ‘ಹನಿ’ ಎಂಬರ್ಥದ ಮಾತಿನಿಂದ ಬಂದದ್ದು.

ಅದರ ತಿರುಳಿಗೆ ‘ಮಾಡ್ಯೂಲ್’ ಎಂಬ ಬಿಡಿ ಅಂಗಗಳನ್ನು ಯಾರು ಬೇಕಾದರೂ ರಚಿಸಿ ಜೋಡಿಸಬಹುದು. ಉಳಿದವರು ಕಾಸು ಕೊಡದೆ ಬಳಸಬಹುದು, ತಿದ್ದಲೂಬಹುದು. ಮಾಹಿತಿಯನ್ನು ಬೇಕಾದಂತೆ ಆಯ್ದು ಪಟ್ಟಿಮಾಡುವ ‘ವ್ಯೂಸ್’ ಹೀಗೆ ಹೊರಗೆ ಹುಟ್ಟಿ, 2015ರ ಎಂಟನೆಯ ಆವೃತ್ತಿಯಲ್ಲಿ ತಿರುಳಿಗೇ ಸೇರಿತು.

ಆದರೆ ಬಳಸುವವರು ಬಹಳ, ದುಡಿಯುವವರು ವಿರಳ. ರಚಿಸಿದವರು ಕೈಬಿಟ್ಟ ಮಾಡ್ಯೂಲಿನಲ್ಲಿ ದೋಷ ಕಂಡರೆ ತಿದ್ದುವವರಿಲ್ಲ; ಅದನ್ನು ನೆಚ್ಚಿದ ತಾಣಕ್ಕೆ ಅಪಾಯ. 2005ರಲ್ಲಿ ಆಂಟ್‌ವರ್ಪಿನಲ್ಲಿ ಮೊದಲಾದ ‘ಡ್ರೂಪಲ್‌ಕಾನ್’ ಸಮ್ಮೇಳನಗಳ ಅಗತ್ಯ ನನಗೆ ತೋರುವುದು ಇಲ್ಲಿಯೇ. 2016ರಲ್ಲಿ ಮುಂಬಯಿಯ ಐ.ಐ.ಟಿ.ಯಲ್ಲೂ ಒಂದು ನೆರೆಯಿತು. ಇಂಥ ಕೂಟಗಳಲ್ಲಿ ಭಾಷಣಗಳಷ್ಟೇ ಅಲ್ಲ, ಅನುಭವಿಗಳು ಹೊಸಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ದೋಷ ತಿದ್ದುವುದನ್ನು ಕಲಿಸುವುದೂ ಉಂಟು. ಪಾಠ ಹೇಳುವುದೇ ವೃತ್ತಿಯಾದ ನನಗೆ ಆ ಕಲಿಕೆಯೇ ಸಮ್ಮೇಳನದ ಜೀವವೆನಿಸುತ್ತದೆ. ಹಳ್ಳದ ನೀರು ಕುಡಿದವನು ತನ್ನದೂ ಒಂದು ಹನಿ ಸೇರಿಸಲು ಕಲಿತರೆ ಹಳ್ಳ ಬತ್ತುವುದಿಲ್ಲ.