ಕಾರಿನಡಿಯ ಹನಿ ಹೇಳುವ ಮಾತು

ಬೆಳಗಿನ ಒಂಬತ್ತು ಗಂಟೆ. ಹಲಸೂರಿನಿಂದ ಇಂದಿರಾನಗರದ ಅಂಚು ಹಾದು ಕೆ.ಆರ್. ಪುರದತ್ತ ಸಾಗುವ ಹಳೇ ಮದ್ರಾಸು ರಸ್ತೆಯಲ್ಲಿ ವಾಹನಗಳು ಇರುವೆಗಳಂತೆ ಸಾಲುಗಟ್ಟಿರುತ್ತವೆ. ಟಿನ್ ಫ್ಯಾಕ್ಟರಿಯ ಹತ್ತಿರ ಬಂದರಂತೂ ನಡೆದು ಹೋಗುವವರೇ ಮುಂದು. ಆ ಸಾಲಿನ ಪಕ್ಕದಲ್ಲಿ ಒಂದು ಕಾರು ಬಾನೆಟ್ ಎತ್ತಿಕೊಂಡು ನಿಂತಿದೆ. ಒಳಗಿನಿಂದ ಬುಸುಬುಸು ಹಬೆ. ಹಿಂದಿನ ಸೀಟಿನಲ್ಲಿ ಪರೀಕ್ಷೆಗೆ ಹೊರಟ ಮಗಳು ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದಾಳೆ. ಅಪ್ಪ ನೀರಿನ ಬಾಟಲಿ ಹಿಡಿದು ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕುತ್ತಿದ್ದಾರೆ.

ಇಂಥ ದೃಶ್ಯ ಈ ರಸ್ತೆಗೆ ಹೊಸದಲ್ಲ. ಎಂಜಿನ್ ಕಾಯಲು ಕಾರಣಗಳು ಹಲವು. ಅವುಗಳಲ್ಲಿ ವಾಟರ್ ಪಂಪಿನ ದೋಷವೂ ಒಂದು. ಪಾಪ, ಈ ಪಂಪು ಸಾಮಾನ್ಯವಾಗಿ ಹೇಳದೆ ಕೇಳದೆ ಕೈಕೊಡುವುದಿಲ್ಲ. ಮೊದಲೇ ಸೂಚನೆ ಕೊಡುತ್ತದೆ. ಅದನ್ನು ಗಮನಿಸುವವರು ಬೇಕು, ಅಷ್ಟೆ.

ನೀರು ಓಡಿಸುವ ಚಕ್ರ

ಪೆಟ್ರೋಲು ಉರಿದಾಗ ಹುಟ್ಟುವ ಶಾಖದಲ್ಲಿ ಸ್ಥೂಲವಾಗಿ ಮೂರನೇ ಒಂದು ಪಾಲು ಮಾತ್ರ ಕಾರು ಓಡಿಸುವ ಕೆಲಸಕ್ಕೆ ಬರುತ್ತದೆ. ಇನ್ನೊಂದು ಪಾಲು ಹೊಗೆಯ ಜತೆ ಹೊರಗೆ ಹೋಗುತ್ತದೆ. ಉಳಿದದ್ದರಲ್ಲಿ ಬಹುಪಾಲನ್ನು ಎಂಜಿನ್ ಸುತ್ತ ಹರಿಯುವ ನೀರೇ ಹೊತ್ತೊಯ್ದು ರೇಡಿಯೇಟರಿಗೆ ಒಪ್ಪಿಸಬೇಕು.

1908ರಲ್ಲಿ ಬಂದ ಫೋರ್ಡ್ ಕಂಪನಿಯ ‘ಮಾಡೆಲ್ ಟಿ’ ಕಾರಿನಲ್ಲಿ, ಮೊದಲ ಸುಮಾರು 2,500 ಕಾರುಗಳ ನಂತರ ಪಂಪನ್ನೇ ಕೈಬಿಟ್ಟಿದ್ದರು. ಬಿಸಿನೀರು ಹಗುರವಾಗಿ ಮೇಲೇರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ ಎಂದು ಮಕ್ಕಳು ಶಾಲೆಯಲ್ಲಿ ಕಲಿಯುತ್ತಾರಲ್ಲ, ಆ ತತ್ವವೇ ಅದಕ್ಕೆ ಸಾಕಾಗಿತ್ತು. ಇಂದಿನ ಎಂಜಿನ್‌ಗಳಿಗೆ ಆ ನಿಧಾನಗತಿ ಸಾಲದು. ನೀರನ್ನು ತಳ್ಳಲು ಪಂಪು ಬೇಕೇಬೇಕು. ಪಂಪಿನೊಳಗೆ ರೆಕ್ಕೆಗಳಿರುವ ಒಂದು ಚಕ್ರ, ಅದನ್ನು ಹೊತ್ತ ಶಾಫ್ಟ್, ಶಾಫ್ಟಿಗೆ ಆಸರೆಯಾದ ಬೇರಿಂಗ್, ನೀರು ಬೇರಿಂಗಿನತ್ತ ನುಗ್ಗದಂತೆ ತಡೆಯುವ ಸೀಲ್ ಇರುತ್ತವೆ. ಅಂಬಾಸಡರ್, ಪದ್ಮಿನಿ ಕಾರುಗಳಲ್ಲಿ ಇದನ್ನು ತಿರುಗಿಸುತ್ತಿದ್ದುದು ಫ್ಯಾನ್ ಬೆಲ್ಟ್. ಕೆಲವು ಕಾರುಗಳಲ್ಲಿ ಈ ಕೆಲಸ ಟೈಮಿಂಗ್ ಬೆಲ್ಟಿನದು. ಬ್ಯಾಟರಿಯನ್ನು ತಂಪಾಗಿಡಲು ದ್ರವ ಬಳಸುವ ವಿದ್ಯುತ್ ಕಾರುಗಳಲ್ಲೂ ಪುಟ್ಟದೊಂದು ಪಂಪು ದುಡಿಯುತ್ತದೆ.

ಬೇಕೆಂದೇ ಬಿಟ್ಟ ತೂತು

ಪಂಪಿನ ಮೈಮೇಲೆ, ಶಾಫ್ಟಿನ ಕೆಳಗೆ, ಒಂದು ಸಣ್ಣ ತೂತು ಇರುತ್ತದೆ. ಸೀಲ್ ಸವೆದಾಗ ಒಸರುವ ನೀರು ಬೇರಿಂಗಿಗೆ ಹೋಗದೆ ಹೊರಬೀಳಲಿ ಎಂದು ಬೇಕೆಂದೇ ಬಿಟ್ಟ ದಾರಿ ಅದು. ಕೆಲವರು ಅಲ್ಲಿಂದ ನೀರು ಬಂದರೆ ಅಂಟು ಮೆತ್ತಿ ಮುಚ್ಚಿಬಿಡುತ್ತಾರೆ. ಕೆಟ್ಟ ಸುದ್ದಿ ತಂದವನ ಬಾಯಿ ಕಟ್ಟಿದಂತೆ! ಆಗ ನೀರು ಬೇರಿಂಗಿನೊಳಗೆ ನುಗ್ಗುತ್ತದೆ, ಬೇರಿಂಗ್ ತುಕ್ಕು ಹಿಡಿದು ಒರಲುತ್ತದೆ, ಕೊನೆಗೆ ಶಾಫ್ಟ್ ಓಲಾಡಿ ಬೆಲ್ಟನ್ನೂ ಹಾಳುಮಾಡುತ್ತದೆ. ಹೀಗೆ ಎಂಜಿನ್ ಅತಿಯಾಗಿ ಕಾದರೆ ಹೆಡ್ ಗ್ಯಾಸ್ಕೆಟ್ ಸುಟ್ಟು ಹೋಗಬಹುದು, ಹೆಡ್ ಸೊಟ್ಟಗಾಗಬಹುದು. ಆಗಿನ ಖರ್ಚಿನ ಮುಂದೆ ಪಂಪಿನ ಬೆಲೆ ಏನೇನೂ ಅಲ್ಲ.

ಆದರೆ ಕಾರಿನಡಿ ಕಂಡ ನೀರೆಲ್ಲ ಪಂಪಿನದಲ್ಲ. ಏ.ಸಿ. ಹಾಕಿದ್ದರೆ ಬೀಳುವ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದಕ್ಕೆ ಹೆದರಬೇಕಿಲ್ಲ. ಕೂಲೆಂಟಾದರೆ ಸಾಮಾನ್ಯವಾಗಿ ಹಸಿರು, ಕೆಂಪು ಅಥವಾ ನೀಲಿ ಬಣ್ಣ, ಮುಟ್ಟಿದರೆ ಜಾರು ಜಾರು, ಸಿಹಿ ವಾಸನೆ. ಹೆಚ್ಚಿನ ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ಸಿಹಿಯೆಂದು ಮಕ್ಕಳಾಗಲಿ ನಾಯಿಯಾಗಲಿ ನೆಕ್ಕಿದರೆ ಪ್ರಾಣಕ್ಕೇ ಸಂಚಕಾರ. ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯಬೇಕು; ಹಳೆಯದನ್ನು ಚರಂಡಿಗೆ ಸುರಿಯಬಾರದು.

ಗೀಸರ್ ಕಲಿಸುವ ಪಾಠ

ಬೋರ್‌ವೆಲ್ ನೀರನ್ನೇ ನಂಬಿದ ಮನೆಗಳಲ್ಲಿ ಗೀಸರಿನ ಕಾಯಿಲ್ ಬಿಚ್ಚಿ ನೋಡಿದವರಿಗೆ ಅದರ ಮೇಲೆ ಕಟ್ಟುವ ಬಿಳಿ ಪದರ ಗೊತ್ತು. ಗಡಸು ನೀರಿನಲ್ಲಿರುವ ಲವಣಗಳು ಕಾದಾಗ ಹಾಗೆ ಗಟ್ಟಿಯಾಗುತ್ತವೆ. ಅದೇ ನೀರನ್ನು ರೇಡಿಯೇಟರಿಗೆ ತುಂಬಿದರೆ ಅಲ್ಲೂ ಅದೇ ಪದರ. ನಳಿಕೆಗಳು ಕಿರಿದಾಗುತ್ತವೆ, ಉದುರಿದ ಪುಡಿ ಸೀಲನ್ನು ಉಜ್ಜಿ ಸವೆಸುತ್ತದೆ. ಆದ್ದರಿಂದ ಕಾರಿನ ಕೈಪಿಡಿ ಹೇಳುವ ಕೂಲೆಂಟನ್ನೇ, ಅದು ಹೇಳುವ ಪ್ರಮಾಣದಲ್ಲಿ, ಡಿಸ್ಟಿಲ್ಡ್ ವಾಟರ್ ಜತೆ ಬೆರೆಸಿ ಹಾಕಬೇಕು. ಅವಧಿ ಮುಗಿದ ಮೇಲೆ ಹಳೆಯದನ್ನು ತೆಗೆದು ಹೊಸದನ್ನು ತುಂಬಬೇಕು.

ಗುಜರಿಯಲ್ಲಿ ಏನು ಕೊಳ್ಳಬಹುದು?

ಹಿಂದೆ ಬ್ಲಾಕ್‌ಪಲ್ಲಿ ಎನಿಸಿಕೊಂಡಿದ್ದ ಶಿವಾಜಿನಗರ ಹಳೆಯ ಕಾರುಗಳನ್ನು ಬಿಚ್ಚಿ ಬಿಡಿಭಾಗ ಮಾರುವುದಕ್ಕೆ ಹೆಸರುವಾಸಿ. 1983ರಲ್ಲಿ ರಸ್ತೆಗಿಳಿದು 2014ರಲ್ಲಿ ತಯಾರಿಕೆ ನಿಂತ ಮಾರುತಿ 800ರಂಥ ಕಾರುಗಳನ್ನು ಇಟ್ಟುಕೊಂಡವರಿಗೆ ಇಂಥ ಗುಜರಿಗಳು ದೊಡ್ಡ ಆಸರೆ. ಬಾಗಿಲು, ಬಂಪರು, ದೀಪದ ಗಾಜುಗಳನ್ನು ಕಣ್ಣಲ್ಲಿ ನೋಡಿ ಕೊಳ್ಳಬಹುದು. ವಾಟರ್ ಪಂಪಿನ ವಿಷಯ ಹಾಗಲ್ಲ. ಸೀಲು, ಬೇರಿಂಗುಗಳ ಆಯುಸ್ಸು ಎಷ್ಟು ಉಳಿದಿದೆಯೆಂದು ಹೊರಗಿನಿಂದ ತಿಳಿಯದು. ಅದನ್ನು ಹೊಸದಾಗಿಯೇ ಕೊಳ್ಳುವುದು ಲೇಸು.

ಬದಲಿಸುವ ಬಗೆ

ಎಂಜಿನ್ ಆರಿಸಿ, ಪೂರ್ತಿ ತಣ್ಣಗಾದ ಮೇಲೆ ಪಂಪಿನ ಪುಲಿಯನ್ನು ಹಿಡಿದು ಅಲುಗಿಸಿ ನೋಡಿ. ಲೊಡಲೊಡ ಎಂದರೆ ಬೇರಿಂಗ್ ಸವೆದಿದೆ. ಬದಲಿಸುವಾಗ ಮೆಕ್ಯಾನಿಕ್ ಮೊದಲು ಬ್ಯಾಟರಿಯ ತಂತಿ ಕಳಚಿ, ಕೂಲೆಂಟ್ ಇಳಿಸಿ, ಬೆಲ್ಟ್ ಸಡಿಲಿಸಿ ಪಂಪು ಬಿಚ್ಚುತ್ತಾರೆ. ಬೋಲ್ಟುಗಳ ಉದ್ದ ಒಂದೇ ಸಮ ಇರದಿರಬಹುದು. ಆದ್ದರಿಂದ ಯಾವುದು ಎಲ್ಲಿಯದೆಂದು ರಟ್ಟಿನ ಮೇಲೆ ಗುರುತಿಟ್ಟುಕೊಳ್ಳಬೇಕು. ಹಳೆಯ ಗ್ಯಾಸ್ಕೆಟ್ಟಿನ ಚೂರುಗಳನ್ನು ಗೀರು ಬೀಳದಂತೆ ಕೆರೆದು ತೆಗೆಯಬೇಕು. ಹೊಸ ಪಂಪಿನ ಬೋಲ್ಟುಗಳನ್ನು ಒಂದೇ ಕಡೆಯಿಂದ ಬಿಗಿಯದೆ ಎದುರು ಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಕೂಲೆಂಟ್ ತುಂಬಿದ ಮೇಲೆ ಒಳಗೆ ಸಿಕ್ಕ ಗಾಳಿಯನ್ನು ಹೊರಡಿಸುವುದು ಮರೆಯಬಾರದು. ಪಂಪನ್ನು ಟೈಮಿಂಗ್ ಬೆಲ್ಟ್ ತಿರುಗಿಸುವ ಕಾರಾದರೆ ಎರಡನ್ನೂ ಒಟ್ಟಿಗೆ ಬದಲಿಸುವುದು ಜಾಣತನ. ಬಿಚ್ಚುವ ಕೂಲಿ ಎರಡು ಸಲ ಕೊಡುವುದು ತಪ್ಪುತ್ತದೆ.

ದಾರಿಯಲ್ಲಿ ಕಾದರೆ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳ ಪ್ರೆಷರ್ ಕುಕ್ಕರಿನಂತೆ ಒತ್ತಡ ಹಿಡಿದಿಟ್ಟು ಒಳಗಿನ ದ್ರವ ಕುದಿಯದಂತೆ ತಡೆಯುತ್ತದೆ. ಬಿಸಿ ಇದ್ದಾಗ ಮುಚ್ಚಳ ತಿರುಗಿಸಿದರೆ ಒತ್ತಡ ಥಟ್ಟನೆ ಇಳಿದು, ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಟಿನ್ ಫ್ಯಾಕ್ಟರಿಯ ಬಳಿ ನಿಂತ ಆ ಅಪ್ಪ ಮಾಡಹೊರಟದ್ದು ಇದನ್ನೇ.

ಉಷ್ಣತೆಯ ಮುಳ್ಳು ಕೆಂಪು ಗೆರೆ ಮುಟ್ಟಿದರೆ ಏ.ಸಿ. ಆರಿಸಿ, ಕಾರನ್ನು ಪಕ್ಕಕ್ಕೆ ತಂದು ಎಂಜಿನ್ ನಿಲ್ಲಿಸಬೇಕು. ಪೂರ್ತಿ ತಣಿಯುವ ತನಕ ಮುಚ್ಚಳ ಮುಟ್ಟಬಾರದು, ಕಾದ ಎಂಜಿನ್ ಮೇಲೆ ತಣ್ಣೀರು ಸುರಿಯಬಾರದು. ಪರೀಕ್ಷೆಗೆ ಹೊರಟ ಮಗಳನ್ನು ಆಟೋ ಹತ್ತಿಸಿ ಕಳಿಸಿದರಾಯಿತು. ವಾಹನಗಳ ಸಂದಣಿಯಲ್ಲಿ ಮಾತ್ರ ಕಾದು, ಓಡುವಾಗ ತಣಿಯುವ ಕಾರಾದರೆ ಮೊದಲು ಫ್ಯಾನ್ ನೋಡಿಸಬೇಕು. ಖಾಲಿ ರಸ್ತೆಯಲ್ಲೂ ಕಾಯುತ್ತಿದ್ದರೆ ಪಂಪು, ಥರ್ಮೋಸ್ಟಾಟ್, ರೇಡಿಯೇಟರುಗಳತ್ತ ಗಮನ ಹರಿಸಬೇಕು.

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ ಎನ್ನುತ್ತದೆ ಗಾದೆ. ಶನಿವಾರ ರಾತ್ರಿ ಕಾರಿನ ಮುಂಭಾಗದ ಅಡಿಗೆ ಹಳೆಯ ದಿನಪತ್ರಿಕೆ ಹಾಸಿಡಿ. ಭಾನುವಾರ ಬೆಳಿಗ್ಗೆ ಅದರ ಮೇಲೆ ಕಲೆ ಇದೆಯೇ, ಇದ್ದರೆ ಯಾವ ಬಣ್ಣದ್ದು ಎಂದು ನೋಡಿ ಹೇಳುವ ಕೆಲಸ ಮಕ್ಕಳದ್ದಾಗಲಿ.