‘ಮೈನ್’ ಎಂಬ ಮಾತಿನ ಒಳಗೆ

ಇಂಗ್ಲಿಷಿನ ಒಂದು ಶಬ್ದಕ್ಕೆ ಒಂದೇ ಅರ್ಥವೆಂದು ಮಕ್ಕಳು ಬಾಯಿಪಾಠ ಮಾಡುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. ಆದರೆ ವಾಕ್ಯದಲ್ಲಿ ಶಬ್ದವು ಕುಳಿತ ಸ್ಥಾನವೇ ಅದರ ಅರ್ಥವನ್ನು ನಿರ್ಣಯಿಸುತ್ತದೆ. ಇದನ್ನು ತಿಳಿಸಿಕೊಡಲು ಕೋಲಾರ ಚಿನ್ನದ ಗಣಿಯ ಊರಿಗಾಂ ಒಂದು ಒಳ್ಳೆಯ ಪಾಠಶಾಲೆ.

‘ಮೈನ್’ ಶಬ್ದವನ್ನೇ ತೆಗೆದುಕೊಳ್ಳೋಣ. ನಾಮಪದವಾದಾಗ ಅದು ಗಣಿ. ಕ್ರಿಯಾಪದವಾದಾಗ ಗಣಿ ತೋಡುವುದು. ತೋಡುವವನು ‘ಮೈನರ್’, ಆ ಉದ್ಯಮ ‘ಮೈನಿಂಗ್’, ದೊರೆಯುವ ಖನಿಜ ‘ಮಿನರಲ್’. ಕನ್ನಡದಲ್ಲಿಯೂ ಗಣಿಯಿಂದ ಗಣಿಗಾರ, ಗಣಿಗಾರಿಕೆ ಎಂದು ಪ್ರತ್ಯಯ ಸೇರಿ ಮಾತು ಬೆಳೆಯುತ್ತದೆಯಲ್ಲವೇ? ‘ಅಂಡರ್‌ಮೈನ್’ ಎಂಬ ಕ್ರಿಯಾಪದವೂ ಇದೇ ಬಳಗದ್ದು. ಕೋಟೆಯ ಗೋಡೆಯನ್ನು ಬುಡದಲ್ಲಿ ತೋಡಿ ಕೆಡಹುವುದು ಅದರ ಹಳೆಯ ಅರ್ಥ. ಒಬ್ಬರ ಮೇಲಿನ ವಿಶ್ವಾಸವನ್ನು ಒಳಗಿಂದೊಳಗೆ ಕೆಡಿಸುವುದು ಇಂದಿನ ಅರ್ಥ. ಆದರೆ ಅಪ್ರಾಪ್ತ ವಯಸ್ಸಿನವನನ್ನು ಹೇಳುವ ‘ಮೈನರ್’ ಉಚ್ಚಾರದಲ್ಲಿ ಮಾತ್ರ ಸಮಾನ. ಅದರ ಕಾಗುಣಿತ ಬೇರೆ, ಮೂಲವೂ ಬೇರೆ.

ಸ್ಥಳಬದಲಾದರೂ ಅರ್ಥ ಬದಲಾಗುವುದುಂಟು. ‘ರೀಫ್’ ಎಂದರೆ ಶಾಲೆಯ ನಿಘಂಟಿನಲ್ಲಿ ಸಮುದ್ರದೊಳಗಿನ ಬಂಡೆಸಾಲು. ಊರಿಗಾಂನ ನೆರೆಯ ಚಾಂಪಿಯನ್ ರೀಫ್‌ನಲ್ಲಿ ಅದು ಚಿನ್ನವಿರುವ ಶಿಲೆಯ ಪದರ. ‘ಕೇಜ್’ ಎಂದರೆ ಪಂಜರ. ಇಲ್ಲಿ ಕಾರ್ಮಿಕರನ್ನು ಭೂಗರ್ಭಕ್ಕೆ ಇಳಿಸುತ್ತಿದ್ದ ತೊಟ್ಟಿಲು. ‘ಲೆವೆಲ್’ ಗುಣವಾಚಕವಾದಾಗ ಸಮತಟ್ಟಾದ ಎಂದು. ಗಣಿಯೊಳಗೆ ನಾಮಪದವಾಗಿ ಅಡ್ಡಲಾಗಿ ಕೊರೆದ ಸುರಂಗ.

ಇನ್ನು ‘ಮೈನ್’ ಸರ್ವನಾಮವಾದಾಗ ‘ನನ್ನದು’ ಎಂದರ್ಥ. ಗಣಿ ಎಂಬ ಅರ್ಥದ ‘ಮೈನ್’ ಫ್ರೆಂಚ್ ಭಾಷೆಯಿಂದ ಬಂದದ್ದು. ‘ನನ್ನದು’ ಎಂಬುದು ಇಂಗ್ಲಿಷಿನದೇ ಹಳೆಯ ನುಡಿ. ಸಂಬಂಧವಿಲ್ಲದ ಎರಡು ಮಾತುಗಳು ಒಂದೇ ಕಾಗುಣಿತದಲ್ಲಿ ಕೂಡಿರುವುದು ಕಾಕತಾಳೀಯವಾದರೂ ನಮ್ಮನ್ನು ಚಿಂತನೆಗೆ ಹಚ್ಚುತ್ತದೆ. 1880ರಲ್ಲಿ ಬಂದ ಜಾನ್ ಟೇಲರ್ ಕಂಪನಿಯು ಗಣಿ ತನ್ನದೆಂದಿತು. 1956ರಲ್ಲಿ ಅದು ಸರ್ಕಾರದ್ದಾಯಿತು. 2001ರ ಫೆಬ್ರವರಿ 28ರಂದು ಮುಚ್ಚಿಹೋಯಿತು. ಮೂರು ಕಿಲೋಮೀಟರಿಗೂ ಮಿಕ್ಕಿದ ಆಳಕ್ಕಿಳಿದು ದುಡಿದವನು ಮಾತ್ರ ಆ ಚಿನ್ನವನ್ನು ಎಂದೂ ‘ನನ್ನದು’ ಎನ್ನಲಿಲ್ಲ. ಇಂದು ಅವನ ಮಕ್ಕಳು ಬಂಗಾರಪೇಟೆಯ ಮಾರ್ಗವಾಗಿ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗಿಬರುತ್ತಾರೆ. ಗಣಿ ಮುಚ್ಚಿತು, ಕಾಯಕ ನಿಲ್ಲಲಿಲ್ಲ.

ನಮ್ಮ ಶರಣರಿಗೆ ‘ನನ್ನದು’ ಎಂಬ ಮಾತಿನ ಅಪಾಯ ಚೆನ್ನಾಗಿ ತಿಳಿದಿತ್ತು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಶರಣೆ ಲಕ್ಕಮ್ಮನವರು ಅದನ್ನು ಮರಳಿ ಸುರಿದು ಬರುವಂತೆ ಹೇಳಿದರು. ದುಡಿಮೆ ನಮ್ಮದು, ಮಿಕ್ಕಿದ್ದು ಸಮಾಜದ್ದು ಎಂಬುದೇ ಅದರ ತಿರುಳು, ಇದೇ ದಾಸೋಹಭಾವ.

ಮಕ್ಕಳಿಗೆ ಇಂಗ್ಲಿಷ್ ಅವಶ್ಯವಾಗಿ ಕಲಿಸೋಣ. ನಾಮಪದ, ಕ್ರಿಯಾಪದ, ಸರ್ವನಾಮಗಳ ಭೇದವನ್ನೂ ತಿಳಿಸೋಣ. ಜೊತೆಗೆ, ‘ಮೈನ್’ ಎಂಬ ಸರ್ವನಾಮವನ್ನು ಎಲ್ಲಿ ಬಳಸಬೇಕು, ಎಲ್ಲಿ ಬಿಡಬೇಕು ಎಂಬ ವಿವೇಕವನ್ನೂ ಕಲಿಸುವುದು ತಂದೆತಾಯಂದಿರಾದ ನಮ್ಮೆಲ್ಲರ ಕರ್ತವ್ಯ.